ಎಡಗಾಲಿನ ಬೂಟು

೨ ನವೆಂಬರ್ ೨೦೨೫, ಭಾನುವಾರ

ಕೆಳತುಟಿಯಿಂದ ಇನ್ನೂ ರಕ್ತ ಜಿನುಗುತ್ತಿದೆ. ಇವತ್ತು ಈ ಪರದೇಶದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಕನ್ನಡಿಗರ ರಾಜ್ಯೋತ್ಸವದ ನಾಟಕ. ಎಡಗಾಲಿನ ಬೂಟನ್ನಷ್ಟೇ ಹೊಲಿಯುವ ಕಮ್ಯುನಿಸ್ಟ್ ಕಾರ್ಖಾನೆಯೊಂದನ್ನು ಗೇಲಿ ಮಾಡುವ ಪ್ರಹಸನ. ನಾನು ಕಾರ್ಮಿಕ; ಆಫೀಸಿನ ನನ್ನ ಮ್ಯಾನೇಜರ್ ಸುಮಂತ್ ಸರ್ ಪಕ್ಷದ ಮುಖಂಡ. ಅಲ್ಲಿ ಎಲ್ಲರೂ ಸಮಾನರು, ಹಾಗಾಗಿ ಎಲ್ಲರಿಗೂ ಏಕವಚನ. ಅದೇ ಹಾಸ್ಯ. ರಿಹರ್ಸಲ್‌ನಲ್ಲೆಲ್ಲ ನಾನು 'ನೀವು' ಎಂದೇ ಎಡವುತ್ತಿದ್ದೆ. ಇವತ್ತು ಬಾಯಿಗೆ ಸರಿಯಾಗಿ ಬಂತು.

"ಲೋ ಕಾಮ್ರೇಡ್, ಬಲಗಾಲಿಗೆ ಏನ್ ಹಾಕ್ಕೋತೀಯೋ ನೀನು?"

ಸಭೆ ಬಿದ್ದು ಬಿದ್ದು ನಕ್ಕಿತು. ಸರ್ ಮುಖ ಕಪ್ಪಿಟ್ಟಿತು. ನಾಟಕದಲ್ಲಿ ಇಲ್ಲದ ಏಟು, ಅದೂ ಸರ್ ಕೈಯಲ್ಲಿದ್ದ ಎಡಗಾಲಿನ ಬೂಟಿನದು, ನನ್ನ ಬಾಯಿಗೆ ಬಿತ್ತು. ಜನ ಅದನ್ನೂ ನಾಟಕವೆಂದುಕೊಂಡು ಇನ್ನಷ್ಟು ನಕ್ಕರು. ಸಭೆ ನಕ್ಕಷ್ಟೂ ಅವನು ಬಾರಿಸಿದ. ನಾನು ಕೆಳಗೆ ಬಿದ್ದ ಮೇಲೆ ಪಕ್ಕೆಗೂ ಒದ್ದ. ಆ ಬೂಟು ಕಿತ್ತುಕೊಂಡು ಅವನ ಹಲ್ಲುದುರಿಸಲು ನನ್ನ ಕೈ ತುರಿಸುತ್ತಿತ್ತು.

ಪರದೆ ಬಿದ್ದೊಡನೆ ಮಗಳು ಇಲ್ಲಿಯವರ 'ಲಾ' ಬೆರೆತ ಇಂಗ್ಲಿಷಿನಲ್ಲಿ ಕೂಗುತ್ತಾ ಓಡಿಬಂದಳು. "ಪಪ್ಪಾ, ದ ಬ್ಲಡ್ ಸೋ ರಿಯಲ್ ಲಾ!"

ಅವನು ಟಿಶ್ಯೂ ಚಾಚಿದ. "ಸ್ವಲ್ಪ ಜೋರಾಗಿ ಬಿತ್ತೇನೋ?"

ಬಾಯಲ್ಲಿದ್ದ ರಕ್ತ ನುಂಗಿಕೊಂಡೆ. "ಪರವಾಗಿಲ್ಲ ಸರ್. ನೀವು ತುಂಬಾ ಚೆನ್ನಾಗಿ ಮಾಡಿದ್ರಿ."

ನೀವು.