ಹಿಂಗೈಯ ಕಸುಬು

ಅಪ್ಪಾ,

ಇದನ್ನು ನೀನು ಓದುವುದಿಲ್ಲ. ಬದುಕಿದ್ದಾಗಲೂ ನಿನ್ನ ಬೆರಳಿನ ಮಾತೆತ್ತಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇವತ್ತು ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಡಾಕ್ಟರ ಹತ್ತಿರ ಹೋಗಿದ್ದೆ. ಕಿರುಬೆರಳು, ಉಂಗುರದ ಬೆರಳು ಎರಡೂ ನಿನ್ನವುಗಳ ಹಾಗೆಯೇ ಒಳಕ್ಕೆ ಮಡಚಿಕೊಂಡುಬಿಟ್ಟಿವೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲು ಹೇಳಿದರು. ಆಗಲಿಲ್ಲ.

"ಚರ್ಮದ ಕೆಳಗೆ ಹುರಿ ಹಾಗೆ ಗಟ್ಟಿಯಾಗಿದೆ. ಮನೆತನದಲ್ಲಿ ಬರುತ್ತೆ ಇದು. ಇಷ್ಟು ವರ್ಷ ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದರು.

"ಇಸ್ತ್ರಿ ಕೆಲಸ ನಮ್ದು. ಬಟ್ಟೆ ಸವರೋದು ಹಿಂಗೈಯಲ್ಲೇ. ಅಂಗೈ ಬೆವರಿ ಕಲೆ ಆಗುತ್ತೆ ಅಂತ ಅಪ್ಪ ಹೇಳ್ಕೊಟ್ಟಿದ್ದು," ಎಂದೆ.

ಅವರು ನಕ್ಕರು. ನಾನೂ ನಗಲು ಹೋದೆ. ಅಷ್ಟರಲ್ಲಿ ಅಂಗೈ ಊರಲಾಗದ ನಿನ್ನ ಕೈ ಕಣ್ಣಿಗೆ ಕಟ್ಟಿತು. ಹಿಂಗೈಯಲ್ಲಿ ಸವರುವುದು ಕಸುಬಿನ ಗುಟ್ಟು ಎಂದೇ ನಂಬಿದ್ದೆನಲ್ಲಪ್ಪ. ಅಂಗೈಯಲ್ಲಿ ಸವರುವ ಬೇರೆ ಇಸ್ತ್ರಿಯವರನ್ನು ಕಂಡು ಮೂಗು ಮುರಿಯುತ್ತಿದ್ದೆ.

ಆಪರೇಷನ್ ಮಾಡಿದರೂ ಕಿರುಬೆರಳು ನೆಟ್ಟಗಾಗುವುದಿಲ್ಲವಂತೆ, ಗೆಣ್ಣೇ ಬಿಗಿದುಹೋಗಿದೆ. ಉಂಗುರದ ಬೆರಳು ಸ್ವಲ್ಪ ಬಿಚ್ಚಿಕೊಳ್ಳಬಹುದು, ಮತ್ತೆ ಮಡಚಿಕೊಳ್ಳಲೂಬಹುದು. "ಶುರುವಿನಲ್ಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು.

ವಾಪಸ್ ಬಂದಾಗ ನಿನ್ನ ಮೊಮ್ಮಗಳು ಒಂದು ಅಂಗಿಯ ಕಾಲರನ್ನು ಹಿಂಗೈಯಿಂದ ಸವರುತ್ತಿದ್ದಳು.

"ಏನಂದ್ರಮ್ಮ ಡಾಕ್ಟ್ರು?"

ಅಂಗೈ ತೋರಿಸು ಮಗಳೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು.

"ವಯಸ್ಸಾಯ್ತಲ್ಲ, ಅಷ್ಟೇ ಅಂತೆ," ಎಂದೆ.

ಅವಳು ಇನ್ನೊಂದು ಅಂಗಿ ಹಾಸಿ, ಕೈ ಮಗುಚಿದಳು.