ತುದಿಯ ನೋಟು

ಗ್ಯಾಂಡರ್, ನ್ಯೂಫೌಂಡ್‌ಲೆಂಡ್
೧೯ ಸೆಪ್ಟೆಂಬರ್ ೧೯೮೩

ಹಟಮಾರಿ ಸೆಲ್ಬಿಗೆ,

ಕಾಗದ ನೋಡಿ ಯಾರೋ ತೀರಿಕೊಂಡರೆಂದು ಗಾಬರಿಯಾಗಬೇಡ. ಎಲ್ಲರೂ ಇದ್ದಾರೆ. ಎರಡು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಟೊರಾಂಟೊದಲ್ಲಿ ನಿನಗೆ ಯಾರು ಬೇಯಿಸಿ ಹಾಕುತ್ತಾರೋ, ನಾನು ಕೇಳುವುದಿಲ್ಲ. ಈಗ ಬರೆಯುತ್ತಿರುವುದು ನಿಮ್ಮಪ್ಪನ ನೋಟಿನ ಸುರುಳಿಯ ವಿಷಯಕ್ಕೆ. ಅವರ ಕಾಲದ ನಂತರ ಅದು ನಿನ್ನದು, ಆದ್ದರಿಂದ ನಿನ್ನನ್ನು ಕೇಳಲೇಬೇಕು.

ಚಾವಣಿ ಈಗ ನಮ್ಮ ಮಂಚದ ಮೇಲೇ ಸೋರುತ್ತಿದೆ. ನೀನು ಹೊರಟ ದಿನ "ನೀನಿದ್ರೂ ಸೋರುತ್ತೆ, ಇಲ್ದಿದ್ರೂ ಸೋರುತ್ತೆ, ಹೋಗು" ಅಂದಿದ್ದೆನಲ್ಲ, ಅದು ಸುಳ್ಳಾಯಿತು. ನೀನಿಲ್ಲದೆ ಹೆಚ್ಚೇ ಸೋರುತ್ತಿದೆ. ಹಿಮ ಬೀಳುವ ಮೊದಲು ರಿಪೇರಿಯಾಗದಿದ್ದರೆ ಮನೆ ಮಾರಿ ತನ್ನ ಜೊತೆ ಬಂದಿರು ಎಂದು ತಂಗಿ ಮಾವಿಸ್ ದಿನಾ ನನ್ನ ತಲೆ ತಿನ್ನುತ್ತಾಳೆ. ಮಾರಿಬಿಟ್ಟರೆ ನೀನು ವಾಪಸು ಬರಲು ಬಾಗಿಲೇ ಇರುವುದಿಲ್ಲ. ಅದು ನನಗೆ ಬೇಡ. ನೇರವಾಗಿ ಹೇಳಿಬಿಟ್ಟೆ ನೋಡು.

ಹನಿ ಬೀಳುವ ಜಾಗದಿಂದ ಪೆಟ್ಟಿಗೆ ಸರಿಸುವಾಗ ಮಾವನ ಬಿಸ್ಕತ್ತಿನ ಡಬ್ಬಿ ಸಿಕ್ಕಿತು, ಒಳಗೆ ಸುರುಳಿ. ಯುದ್ಧದ ಕಾಲದಲ್ಲಿ ಮಾವ ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಗ್ಲಾಸು ತುಂಬಿಸುತ್ತಿದ್ದಾಗ, ಕಡಲು ದಾಟಿ ಬಂದ ಪೈಲಟ್‌ಗಳು ರುಜು ಹಾಕಿ ಕೊಟ್ಟ ದೇಶದೇಶದ ನೋಟುಗಳು, ಒಂದರ ತುದಿಗೊಂದು ಅಂಟಿಸಿದ್ದು. ಅವರ ಆಟ ನಿನಗೆ ನೆನಪಿರಬೇಕು. ಯಾರಾದರೂ "ತೋರ್ಸು" ಅಂದರೆ ರುಜು ಇರುವ ನೋಟನ್ನು ತೋರಿಸಬೇಕು. ತೋರಿಸಿದರೆ ಕೇಳಿದವನು ಕುಡಿಸಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದವನು ಕುಡಿಸಬೇಕು. ನಮ್ಮ ಮದುವೆಯ ರಾತ್ರಿ ಮಾವ ನಮ್ಮನ್ನೂ ಬಿಡಲಿಲ್ಲ. "ಕಡಲು ದಾಟಿದವ್ರು ಮಾತ್ರ ಅಲ್ವೇನಪ್ಪ?" ಎಂದು ನೀನು ಕೇಳಿದೆ. "ಇವಳನ್ನ ಕಟ್ಕೊಂಡಿದೀಯಲ್ಲ, ದಾಟಿದ ಹಾಗೇ. ರುಜು ಹಾಕು" ಎಂದು ಒಂದು ಡಾಲರಿನ ನೋಟನ್ನು ನಮ್ಮ ಮುಂದೆ ಒಡ್ಡಿದರು. ನಾವಿಬ್ಬರೂ ರುಜು ಹಾಕಿದ ಆ ನೋಟನ್ನೇ ಸುರುಳಿಯ ಒಳತುದಿಗೆ ಅಂಟಿಸಿದ್ದು.

ಅಂಟು ಒಣಗಿ ಬಿಟ್ಟುಕೊಳ್ಳುತ್ತಿತ್ತು, ಅದಕ್ಕೆ ಮೇಲಿನ ಕೆಲವು ಸುತ್ತು ಮಾತ್ರ ಬಿಚ್ಚಿದೆ. ಯಾವುದು ಯಾವ ದೇಶದ್ದೋ ಒಂದೂ ತಿಳಿಯಲಿಲ್ಲ. ಪಾದ್ರಿ ಈಜಿಪ್ಟಿನದೆಂದು ಗಂಭೀರವಾಗಿ ಹೇಳಿದ್ದು ಆಮೇಲೆ ಅಲ್ಜೀರಿಯದ್ದಾಯಿತು. ಇನ್ನೊಂದರಲ್ಲಿ ರಾಜನ ತಲೆ, ಹಿಂದೆ ಎಂಟು ಲಿಪಿಗಳಲ್ಲಿ ಬರಹ. ಅದನ್ನು ಆಸ್ಪತ್ರೆಯ ಇಂಡಿಯಾದ ಡಾಕ್ಟರಿಗೆ ತೋರಿಸಿದೆ. ಗುಂಡುಗುಂಡಾದ ಒಂದು ಸಾಲಿನ ಮೇಲೆ ಬೆರಳಿಟ್ಟು "ಹತ್ತು ರೂಪಾಯಿ. ಇದು ನಮ್ಮ ಮನೆ ಮಾತು ಕಣಮ್ಮ" ಅಂದರು. ನನ್ನ ರಕ್ತದೊತ್ತಡ ನೋಡುವುದನ್ನೇ ಮರೆತರು. ಮಾವಿಸ್ ಅಂಟು ಕಿತ್ತು ಇಸ್ತ್ರಿ ಹಾಕೋಣ ಅಂದಳು, ಸದ್ಯ ನಾನು ಒಪ್ಪಲಿಲ್ಲ.

ಬಸ್ಸು ಹತ್ತಿ ಸೇಂಟ್ ಜಾನ್ಸ್‌ನಲ್ಲಿ ಹಳೆ ನಾಣ್ಯ, ನೋಟು ಕೊಳ್ಳುವ ಫೌಲೊ ಎಂಬವರ ಅಂಗಡಿಗೆ ಹೋದೆ. ಭೂತಗನ್ನಡಿ ಹಿಡಿದು ಇದು ಟ್ಯುನೀಸಿಯ, ಇದು ಚೀನಾ, ಇದು ಇಟಲಿಯಲ್ಲಿ ಸೈನ್ಯದವರು ಅಚ್ಚು ಹಾಕಿದ್ದು ಎಂದು ಪಟಪಟನೆ ಹೇಳಿದರು. ಡಾಲರಿನಲ್ಲಿ ಎಷ್ಟು ಬರುತ್ತದೆಂದು ಕೇಳಿದೆ. "ಬಿಡಿಬಿಡಿಯಾಗಿ ಒಂದೊಂದಕ್ಕೆ ಅರ್ಧ ಡಾಲರ್ ಬಂದ್ರೆ ಹೆಚ್ಚು. ರುಜು ಸಮೇತ ಇಡೀ ಸುರುಳಿಗೆ ಆರ್ನೂರು ಕೊಡ್ತೀನಿ. ಇಸ್ತ್ರಿ ಗಿಸ್ತ್ರಿ ಹಾಕಿದ್ರೆ ಕಾಫಿಗೂ ಆಗ್ತಿರ್ಲಿಲ್ಲ" ಅಂದರು. ಆಮೇಲೆ ಕೊನೆಯವರೆಗೂ ಬಿಚ್ಚಿ, ಒಳತುದಿಯನ್ನು ಬೆಳಕಿಗೆ ಹಿಡಿದರು. "ಇಲ್ಲಿ ಇನ್ನೊಂದು ನೋಟಿತ್ತಲ್ಲಮ್ಮ. ಅಂಟು ಹಳೇದು, ಕತ್ತರಿಸಿದ ಅಂಚು ಹೊಸದು. ಯಾರು ತೆಗೆದಿದ್ದು?" ಎಂದು ಕೇಳಿದರು. ಇಲಿ ಕಡಿದಿರಬೇಕು ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸುರುಳಿಯನ್ನು ಮತ್ತೆ ಸುತ್ತತೊಡಗಿದರು.

ಮಾರದೆ ವಾಪಸು ತಂದಿದ್ದೇನೆ. ಅಕ್ಟೋಬರ್ ಮುಗಿಯುವವರೆಗೆ ಕಾಯುತ್ತಾರಂತೆ. ಆರುನೂರು ಡಾಲರು ಹಲಗೆಗೆ, ಟಾರಿಗೆ ಸಾಕು, ಕೂಲಿಗೆ ಸಾಲದು. ಏಣಿ ಹತ್ತುವ ಗಂಡಸೊಬ್ಬ ಮನೆಯಲ್ಲೇ ಇದ್ದರೆ ಕೂಲಿಯ ಮಾತೇ ಬರುವುದಿಲ್ಲ. ಮಾರಲೋ ಬೇಡವೋ ನೀನೇ ಹೇಳು. ಈ ಸಲ ಕಾಡಿನ ಕೆಂಪು ಬೆರ್ರಿ ಚೆನ್ನಾಗಿ ಬಿಟ್ಟಿದೆ, ಜಾಮ್ ಮಾಡಿ ನಿನಗೂ ಎತ್ತಿಟ್ಟಿದ್ದೇನೆ.

ಒದ್ದೆ ಮಂಚದ ಒಣ ಮೂಲೆಯಿಂದ,
ಡಲ್ಸಿ

ಮ.ವಿ.: ಇಲಿ ಕತ್ತರಿ ಹಿಡಿಯುವುದಿಲ್ಲ, ಸೆಲ್ಬಿ. ನೀನು ನನ್ನದೊಂದು ಫೋಟೋವನ್ನೂ ಒಯ್ಯಲಿಲ್ಲವೆಂದು ಎರಡು ವರ್ಷ ಮಾವಿಸ್ ಹತ್ತಿರ ಅತ್ತಿದ್ದೇನೆ. ಮೊನ್ನೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ, ಪಕ್ಕದಲ್ಲಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು. ಈಗ ನಾನು ಕೇಳುತ್ತಿದ್ದೇನೆ, ತೋರಿಸು. ಇದ್ದರೆ ರಮ್ ನನ್ನ ಲೆಕ್ಕ, ಕಳೆದಿದ್ದರೆ ನಿನ್ನ ಲೆಕ್ಕ. ಅಂಚೆಯಲ್ಲಿ ಕಳಿಸಿದರೆ ನಡೆಯುವುದಿಲ್ಲ. ಎದುರಿಗೆ ನಿಂತು ತೋರಿಸಬೇಕು.