ಕೊಲಂಬೊದಿಂದ ಹೊರಡದ ಹಡಗು

ಮಾಯಸಂದ್ರ
೧೨-೪-೧೯೭೯

ತಮ್ಮ ಗಂಗಣ್ಣನಿಗೆ,

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೀನಿ. ಮೊದಲು ಬೈಸಿಕೋ.

ನೀನು ಕೊಲಂಬೊದಿಂದ ಬರೆದ ಕಾಗದ ನನ್ನ ಟ್ರಂಕಿನಲ್ಲಿದೆ. "ಅಕ್ಕಾ, ಈ ತಿಂಗಳು ಕೊಬ್ಬರಿ ಮಾರಬೇಡ. ಇಲ್ಲಿಂದ ಹಡಗು ಹೊರಟಿದೆ ಅಂತ ನಾನೇ ಸುಳ್ಳು ಟೆಲಿಗ್ರಾಂ ಕೊಡ್ತೀನಿ, ಬೆಲೆ ಬೀಳುತ್ತೆ. ನಮ್ಮ ಸಾಹುಕಾರರು ಕೊಂಡು ತುಂಬಿಕೊಂಡ ಮೇಲೆ ಮತ್ತೆ ಏರುತ್ತೆ. ಯಾರಿಗೂ ಹೇಳಬೇಡ, ಕಾಗದ ಸುಟ್ಟುಬಿಡು." ಓದಿದೆ. ಸುಡಲಿಲ್ಲ. ಅವ್ವ ಹೋದ ಮೇಲೆ ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನಿನ್ನ ಕೈಬರಹ ಸುಡೋಕೆ ಮನಸ್ಸು ಬರಲಿಲ್ಲ.

ಹೋದ ತಿಂಗಳು ಒಂದು ಬುಧವಾರ ತಿಪಟೂರಿನ ಮಂಡಿಯಲ್ಲಿ ನಿನ್ನ ಸಾಹುಕಾರ ಶಂಭುಲಿಂಗಯ್ಯ ಆ ಟೆಲಿಗ್ರಾಂ ಓದಿ ಹೇಳಿದನಂತೆ. ಎರಡು ಹಡಗು ಕೊಬ್ಬರಿ ಬರ್ತಿದೆ ಅನ್ನೋ ಸುದ್ದಿ ಸಂಜೆ ಬಸ್ಸಿಗೆ ನಮ್ಮೂರಿಗೂ ಬಂತು. ಬೆಲೆ ಇನ್ನೂ ಇಳಿಯುತ್ತೆ ಅಂತ ಹೆದರಿ, ಬಂದಷ್ಟಕ್ಕೆ ಮಾರಿಬಿಡೋಕೆ ಎಲ್ಲರೂ ಅಟ್ಟದಿಂದ ಕಾಯಿ ಇಳಿಸಿದರು. ಪಕ್ಕದ ಮನೆ ಪುಟ್ಟಗಂಗಮ್ಮನೂ ಇಳಿಸಿದಳು. ಗಂಡನ ಕಣ್ಣಿನ ಆಪರೇಷನ್ನಿಗೆ ಅಂತ ವರ್ಷವಿಡೀ ಒಣಗಿಸಿಟ್ಟಿದ್ದ ಕಾಯಿ ಅದು. ನನ್ನನ್ನು ಮುಯ್ಯಾಳಿಗೆ ಕರೆದಳು. ಇವತ್ತು ನಾನು ಅವಳ ಮನೆಗೆ, ನಾಳೆ ಅವಳು ನಮ್ಮನೆಗೆ, ಕೂಲಿಗೀಲಿ ಇಲ್ಲ, ನೀನು ಕಾಣದ್ದಲ್ಲ. ಹೋದೆ ಕಣಪ್ಪ. ಇಡೀ ದಿನ ಬಾಯಿ ಹೊಲಿದುಕೊಂಡು ಅವಳ ಕಾಯಿ ಒಡೆದೆ. "ಯಾಕಕ್ಕ ಮಂಕಾಗಿದ್ದೀಯ" ಅಂದಳು. "ತಲೆನೋವು ಕಣೇ" ಅಂದೆ. ಬಾಯಿ ಬಿಟ್ಟಿದ್ದರೆ ನೀನು ಸಿಕ್ಕಿಬೀಳುತ್ತಿದ್ದೆ.

ಊರಿನ ಕಾಯೆಲ್ಲ ಬಿದ್ದ ಬೆಲೆಗೆ ಶಂಭುಲಿಂಗಯ್ಯನ ಮಂಡಿ ಸೇರಿತು. ಹಡಗು ಬರಲಿಲ್ಲ. ಬೆಲೆ ಮಾತ್ರ ಮೊದಲಿಗಿಂತ ಮೇಲಕ್ಕೆ ಹೋಯಿತು. ಮೊನ್ನೆ ಬೆಂಗಳೂರಿನಿಂದ ವಿಚಾರಣೆಗೆ ಬಂದ ಅಧಿಕಾರಿ, ನಾನು ನಿನ್ನ ಅಕ್ಕ ಅಂತ ತಿಳಿದು ನಮ್ಮನೆಗೇ ಬಂದರು. ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದರು. "ಟೆಲಿಗ್ರಾಂ ನಂಬಿದ್ದು ತಪ್ಪಾ ಅಂತಾನೆ ಶಂಭುಲಿಂಗಯ್ಯ. ನಮ್ಮ ಕಾನೂನು ಸಮುದ್ರದ ದಂಡೆಗೇ ನಿಂತುಬಿಡುತ್ತೆ ಕಣಮ್ಮ. ಅಲ್ಲಿಯ ಸರ್ಕಾರದವರು, ನಷ್ಟ ನಿಮ್ಮ ಕಡೆಯದು, ನಮಗೇನು ಅಂತಾರೆ. ಅವನೂ ನಿಮ್ಮ ತಮ್ಮನೂ ಮಾತಾಡಿಕೊಂಡು ಮಾಡಿದ್ದು ಅನ್ನೋಕೆ ಒಂದು ಚೀಟಿ ಸಿಕ್ಕರೂ ಸಾಕು, ಎರಡೂ ಕಡೆ ಹಿಡಿಯಬಹುದು. ಆಗ ನಿಮ್ಮ ತಮ್ಮನೂ ಜೈಲಿಗೆ ಹೋಗಬೇಕಾಗುತ್ತೆ, ಸುಳ್ಳು ಹೇಳಲ್ಲ." ಟ್ರಂಕು ಗೋಡೆಯಾಚೆಗೇ ಇತ್ತು. ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದೆ. ನನಗೇನೂ ಗೊತ್ತಿಲ್ಲ ಅಂದೆ.

ಇವತ್ತು ಬೆಳಿಗ್ಗೆ ಪುಟ್ಟಗಂಗಮ್ಮ ಮಚ್ಚು ಹಿಡಿದು ಬಾಗಿಲಿಗೆ ಬಂದಳು. "ಬೆಲೆ ಚೆನ್ನಾಗೈತೆ, ನಿನ್ ಕಾಯಿ ಇಳ್ಸಕ್ಕ. ಮುಯ್ಯಿ ತೀರಿಸ್ಬುಡ್ತೀನಿ." ಒಂದಿಷ್ಟು ಹೊಟ್ಟೆಕಿಚ್ಚಾದರೂ ಪಡಬಾರದಾ ಹೆಂಗಸು! ಆಚೆ ಅವಳ ಗಂಡ ಗೋಡೆ ಸವರಿಕೊಂಡು ನಡೆಯುತ್ತಿದ್ದ. ಏಣಿ ಹತ್ತಿದೆ, ಕಾಯಿ ಮುಟ್ಟೋಕಾಗಲಿಲ್ಲ. ಇಳಿದು ಬಂದು ನಿನ್ನ ಕಾಗದವನ್ನು ಅವಳಿಗೇ ಓದಿ ಹೇಳಿದೆ.

ಅವಳು ಬೈಯಲಿಲ್ಲ ಕಣ್ಲಾ. "ಅವತ್ತೇ ಗೊತ್ತಿತ್ತಾ ಅಕ್ಕ" ಅಂದಳು. ಹೂಂ ಅಂದೆ. ಮಚ್ಚನ್ನು ಹೊಸಲಿನ ಮೇಲೇ ಬಿಟ್ಟು ಹೋದಳು.

ನಾಳೆ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ, ಅಲ್ಲೇ ಇಳಿದುಕೊಂಡಿರೋ ಅಧಿಕಾರಿಗೆ ಆ ಕಾಗದ ಕೊಡ್ತೀನಿ. ಗೊತ್ತಿದ್ದೂ ಸುಮ್ಮನಿದ್ದೆ ಅಂತ ನಾನೂ ಬರೆದುಕೊಡ್ತೀನಿ. ನಮ್ಮ ಅಟ್ಟದ ಕಾಯಿ ಪುಟ್ಟಗಂಗಮ್ಮನಿಗೆ, ಅವಳು ಬೇಡ ಅನ್ನದಿದ್ದರೆ. ನಿನ್ನ ಮೇಲಿನ ಪ್ರೀತಿ ಒಂದು ಚೂರೂ ಕಮ್ಮಿಯಾಗಿಲ್ಲ, ಅದಕ್ಕೇ ಇದನ್ನು ಬರೆಯೋಕೆ ಇಷ್ಟು ಸಂಕಟ. ಅವರು ಹಿಡಿದು ತರೋಕೆ ಮುಂಚೆ ನೀನಾಗೇ ಬಾ. ಕೋರ್ಟಿನಲ್ಲಿ ನಿನ್ನ ಪಕ್ಕಕ್ಕೇ ನಿಂತಿರ್ತೀನಿ.

ತಲೆ ಎತ್ತಿ ನಮ್ಮ ಬೀದಿಯಲ್ಲಿ ನಡೆಯೋ ದಿನ ನಿನಗೆ ಬರಲಿ. ಈ ಕಾಗದವನ್ನೂ ಸುಡಬೇಡ.

ನಿನ್ನ ಅಕ್ಕ,
ತಿಮ್ಮಕ್ಕ